ಕಿಟಕಿ ಬೇಕೋ, ಓಡಾಡೋ ಕಡೆ ಬೇಕೋ

ವಿಮಾನದ ಟಿಕೆಟ್ ಮಾಡಿಕೊಡುವವರಿಗೆ ತಮಾಷೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ವಾರಕ್ಕೊಂದಾದರೂ ತಾನಾಗಿ ಮೆಟ್ಟಿಲು ಹತ್ತಿ ಬಂದು, ಕುರ್ಚಿ ಎಳೆದುಕೊಂಡು ಕೂತು, ಕುಡಿಯಲು ನೀರು ಕೇಳುತ್ತದೆ.

ನನ್ನ ಟ್ರಾವೆಲ್ ಆಫೀಸು ವಿಜಯನಗರದಲ್ಲಿ ಒಂದು ಬೇಕರಿಯ ಮೇಲಿದೆ. ಹದಿನೆಂಟು ವರ್ಷದಿಂದ ಅದರ ಒಡತಿಯೂ ನಾನೇ, ಕಸ ಗುಡಿಸುವವಳೂ ನಾನೇ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಟಿಕೆಟ್ಟನ್ನು ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. ಆದರೂ ಜನ ಬರುತ್ತಾರೆ. ಟಿಕೆಟ್ ಮಾಡುವುದು ಸುಲಭ, ಸೀಟು ಆರಿಸುವುದು ಕಷ್ಟ. ಅದನ್ನು ಯಾರ ಹತ್ತಿರವಾದರೂ ಕೂತು ಮಾತಾಡದಿದ್ದರೆ ಅವರಿಗೆ ಸಮಾಧಾನವಾಗುವುದಿಲ್ಲ.

ಎಕಾನಮಿ ಅಂದರೆ ಸುಮಾರು ಮೂವತ್ತು ಸಾಲು. ಸಾಲಿಗೆ ಆ ಕಡೆ ಮೂರು, ಈ ಕಡೆ ಮೂರು ಸೀಟು, ನಡುವೆ ಓಡಾಡೋ ದಾರಿ. ಎಲ್ಲ ಸೀಟೂ ಒಂದೇ ಅಗಲ, ಎಲ್ಲವೂ ಒಂದೇ ಹೊತ್ತಿಗೆ ಊರು ಸೇರುತ್ತವೆ. ಆದರೂ ಮದುವೆ ಸೀರೆ ಆರಿಸಿದ ಹಾಗೆ ಆರಿಸುತ್ತಾರೆ. ನೋಡಿ ಬೇಗ ಹೇಳಲಿ ಅಂತ ನಾನು ಒಂದು ದಿನ ಕಂಪ್ಯೂಟರಿನ ಪರದೆಯನ್ನು ಗಿರಾಕಿಗಳ ಕಡೆ ತಿರುಗಿಸಿಟ್ಟೆ. ಅವತ್ತಿನಿಂದ ಹತ್ತು ನಿಮಿಷದ ಕೆಲಸ ಒಂದು ಗಂಟೆ ಹಿಡಿಯುತ್ತಿದೆ.

ಚಕ್ರದ ಮೇಲಿನ ಸೀಟು

ಕೆಂಗೇರಿಯಿಂದ ಒಬ್ಬರು ಬಂದರು. ಬಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾದವರು. ಮಗಳು ಪುಣೆಯಲ್ಲಿ ಹೆತ್ತಿದ್ದಳು. ಹೆಂಡತಿ ಬಾಣಂತನಕ್ಕೆ ಮೊದಲೇ ಹೋಗಿದ್ದರು, ಇವರು ಮೊಮ್ಮಗಳ ನಾಮಕರಣಕ್ಕೆ ಹೊರಟಿದ್ದರು. ವಿಮಾನ ಹತ್ತುವುದು ಇದೇ ಮೊದಲು.

ಪರದೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಕೇಳಿದರು. "ಚಕ್ರ ಎಲ್ಲಿ ಬರುತ್ತೆ ಮೇಡಂ?"

"ಯಾವ ಚಕ್ರ ಸಾರ್?"

"ಗಾಡಿ ಚಕ್ರ. ಚಕ್ರದ ಮೇಲಿನ ಸೀಟೊಂದು ಬಿಟ್ಟು ಎಲ್ಲಾದ್ರೂ ಕೊಡಿ. ನನ್ನ ಸರ್ವೀಸಲ್ಲಿ ಆ ಸೀಟಲ್ಲಿ ಕೂತೋರು ನಗ್ತಾ ಇಳಿದಿದ್ದು ನಾನು ನೋಡಿಲ್ಲ."

"ವಿಮಾನ ಮೇಲೆ ಹೋದ ಮೇಲೆ ಚಕ್ರದ ತಂಟೆ ಇಲ್ಲ ಸಾರ್. ಮಡಚಿಕೊಂಡು ಒಳಗೆ ಹೋಗಿಬಿಡುತ್ತೆ."

ಅವರು ಪರದೆಯ ಮೇಲೆ ಬೆರಳಿಟ್ಟರು. "ಒಳಗೆ ಅಂದ್ರೆ, ಯಾರ ಸೀಟಿನ ಕೆಳಗೆ?"

ನಾಲ್ಕನೇ ಸಾಲಿನಲ್ಲಿ ಒಂದು ಸೀಟು ಕೊಟ್ಟು, ಚಕ್ರ ಅಲ್ಲಿಂದ ಬಹಳ ಹಿಂದೆ ಇದೆ ಅಂತ ಎರಡು ಸಲ ಹೇಳಿ ಕಳಿಸಿದೆ.

ಹತ್ತು ದಿನ ಬಿಟ್ಟು ಪುಣೆಯ ಬಾಕರವಡಿ ತಿಂಡಿಯ ಪೊಟ್ಟಣ ಹಿಡಿದುಕೊಂಡು ಬಂದರು. ಪ್ರಯಾಣ ಚೆನ್ನಾಗಿತ್ತಂತೆ. ಬಾಗಿಲು ಹಾಕುವ ಮೊದಲು ಗಗನಸಖಿ ತಲೆ ಎಣಿಸುತ್ತಾ ಹಿಂದಕ್ಕೆ ಹೋದಳಂತೆ, ಮತ್ತೆ ಎಣಿಸುತ್ತಾ ಮುಂದಕ್ಕೆ ಬಂದಳಂತೆ. ಮೂರನೇ ಸಲ ಶುರು ಮಾಡಿದಾಗ ಇವರಿಗೆ ತಡೆಯಲಾಗಲಿಲ್ಲ. ಅಭ್ಯಾಸಬಲದಿಂದ, ಬ್ಯಾಗು ಇಡುವ ನೆಪದಲ್ಲಿ ನಿಂತಾಗಲೇ ಇವರದೂ ಒಂದು ಎಣಿಕೆ ಮುಗಿದಿತ್ತು.

"ಒಂದು ಕಮ್ಮಿ ಬರ್ತಿದೆ ತಾನೇ ಅಂದೆ ಮೇಡಂ. ಹೌದು ಅಂದ್ಲು. ಹಿಂದೆ ಟಾಯ್ಲೆಟ್ಟಲ್ಲಿ ಒಬ್ರಿದಾರಮ್ಮ, ನೀಲಿ ಶರ್ಟು ಅಂದೆ. ಹೋಗಿ ಬಾಗಿಲು ತಟ್ಟಿದ್ಲು. ನೀಲಿ ಶರ್ಟು ಈಚೆ ಬಂತು. ಲೆಕ್ಕ ಸರಿಹೋಯ್ತು."

"ಥ್ಯಾಂಕ್ಸ್ ಹೇಳಿರಬೇಕಲ್ಲ ಸಾರ್?"

"ಹೇಳಿದ್ಲು, ಪಾಪ. ಆದ್ರೆ ಮೇಡಂ, ಮೂರು ಸಲ ಎಣಿಸಿದ್ಲು, ಒಬ್ಬರಿಗೂ ಟಿಕೆಟ್ ತೋರಿಸಿ ಅನ್ನಲಿಲ್ಲ. ಹಿಂಗಾದ್ರೆ ಕಂಪನಿ ಹೆಂಗೆ ಉದ್ಧಾರ ಆಗುತ್ತೆ ಹೇಳಿ."

ಪೂರ್ವಕ್ಕೆ ಮುಖ

ರಾಜಾಜಿನಗರದ ಒಬ್ಬ ಪಾತ್ರೆ ಅಂಗಡಿ ಯಜಮಾನರಿಗೂ ಅವರ ಭಾವಮೈದನಿಗೂ ಒಂದು ಜಾಗದ ವಿಷಯಕ್ಕೆ ಮಂಗಳೂರಿನ ಕೋರ್ಟಿನಲ್ಲಿ ಒಂಬತ್ತು ವರ್ಷದಿಂದ ವ್ಯಾಜ್ಯ. ಮುಖ್ಯವಾದ ದಿನ ಹತ್ತಿರ ಬಂದಿತ್ತು. ಜ್ಯೋತಿಷಿಗಳು ಇವರಿಗೆ, ಪೂರ್ವಕ್ಕೆ ಮುಖ ಮಾಡಿ ಪ್ರಯಾಣ ಮಾಡಿದರೆ ಗೆಲುವು ಖಂಡಿತ ಅಂತ ಹೇಳಿದ್ದರು.

"ಮಂಗಳೂರು ಇರೋದೇ ಪಶ್ಚಿಮಕ್ಕಲ್ವಾ ಸಾರ್?" ಅಂದೆ.

"ಊರು ಎಲ್ಲಿ ಬೇಕಾದ್ರೂ ಇರ್ಲಿ ಮೇಡಂ, ನನ್ನ ಮುಖ ಪೂರ್ವಕ್ಕಿದ್ರೆ ಸಾಕು. ರೈಲಲ್ಲಿ ಎದುರುಬದುರು ಸೀಟು ಇರಲ್ವಾ, ಹಂಗೆ."

"ವಿಮಾನದಲ್ಲಿ ಎಲ್ಲರೂ ಮುಂದಕ್ಕೇ ನೋಡಬೇಕು ಸಾರ್. ಹಿಂದಕ್ಕೆ ಮುಖ ಮಾಡಿ ಕೂರೋರು ಗಗನಸಖಿಯರು ಮಾತ್ರ, ಬಾಗಿಲ ಹತ್ತಿರದ ಮಡಚೋ ಸೀಟಲ್ಲಿ."

ಅವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಂದರು. "ಅದರಲ್ಲಿ ಒಂದು ಖಾಲಿ ಇದೆಯಾ ನೋಡಿ."

ಅದು ಮಾರಾಟಕ್ಕಿಲ್ಲ ಅಂತ ಒಪ್ಪಿಸುವಷ್ಟರಲ್ಲಿ ಕೆಳಗಿನ ಬೇಕರಿಯಿಂದ ಎರಡು ಸಲ ಟೀ ತರಿಸಿದ್ದೆ. ಕೊನೆಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಂಡು, ಬೇಸರದಲ್ಲೇ ಹೋದರು.

ವಾಪಸ್ಸು ಬಂದ ವಾರದಲ್ಲಿ ಅವರ ಅಂಗಡಿಯ ಮುಂದೆ ಸಿಕ್ಕರು. ಮುಖ ಅರಳಿತ್ತು. "ರಾಜಿ ಆಯ್ತು ಮೇಡಂ. ಇಬ್ರಿಗೂ ಅರ್ಧರ್ಧ. ಒಂಬತ್ತು ವರ್ಷ ಆದ್ಮೇಲೆ ನಾನು, ಅವನು ಒಂದೇ ಟೇಬಲ್ಲಲ್ಲಿ ಕೂತು ಗೋಳಿಬಜೆ ತಿಂದ್ವಿ."

"ಒಳ್ಳೇದಾಯ್ತು ಸಾರ್. ಪೂರ್ವ ದಿಕ್ಕು ಇಲ್ದೇನೇ ಆಯ್ತಲ್ಲ."

"ಯಾರು ಹೇಳಿದ್ದು ಇಲ್ಲ ಅಂತ? ಮೋಡ ಇತ್ತು ಅಂತ ವಿಮಾನ ಇಳೀದೆ ಮೇಲೇ ಸುತ್ತು ಹೊಡೀತಾ ಇತ್ತು. ಸುತ್ತುವಾಗ ಅರ್ಧ ಹೊತ್ತು ಪಶ್ಚಿಮಕ್ಕಿದ್ದೆ, ಅರ್ಧ ಹೊತ್ತು ಪೂರ್ವಕ್ಕಿದ್ದೆ. ಜಾಗಾನೂ ಅಷ್ಟೇ ಬಂತು ನೋಡಿ."

ಕೊನೆಯ ಸಾಲು

ಊಟದ ಡೆಲಿವರಿ ಮಾಡುವ ಒಬ್ಬ ತರುಣ, ಗೋಕಾಕದ ಕಡೆಯವನು, ಗಾಡಿ ನಿಲ್ಲಿಸಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಮೇಲೆ ಬಂದ. ತಂಗಿಯ ನಿಶ್ಚಿತಾರ್ಥಕ್ಕೆ ಬೆಳಗಾವಿಗೆ ವಿಮಾನದಲ್ಲಿ ಹೋಗಬೇಕು ಅನ್ನುವುದು ಅವನ ಆಸೆ. ಯಾವ ಸೀಟು ಬೇಕಪ್ಪಾ ಅಂತ ಕೇಳಿದೆ.

"ಎಲ್ಲಾರೂ ಇಳದ ಮ್ಯಾಲ ಇಳಿಯೋ ಸೀಟ್ ಕೊಡ್ರಿ ಮೇಡಂ."

ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ. ಯಾಕೆ ಅಂದೆ.

"ದಿನಾ ಎಲ್ಲಾರಕಿಂತ ಮೊದಲ ಮುಟ್ಟಬೇಕ್ರಿ. ಎರಡು ನಿಮಿಷ ತಡ ಆತಂದ್ರ ಫೋನ್ ಮ್ಯಾಲ ಫೋನ್. ಒಂದಿನ ಆರಾಮ ಕುಂತು, ಎಲ್ಲಾರೂ ಗಡಿಬಿಡಿ ಮಾಡೂದು ನೋಡಿ, ಕಡೀಗೆ ಇಳೀತೀನಿ."

ನನಗೆ ಬಹಳ ಇಷ್ಟವಾಯಿತು. ಕಟ್ಟಕಡೆಯ ಸಾಲಿನಲ್ಲಿ ಕಿಟಕಿ ಸೀಟು ಹಾಕಿಕೊಟ್ಟು, ನಿಶ್ಚಿತಾರ್ಥದ ದಿನ ನೆನಪಿಟ್ಟುಕೊಂಡು ಫೋನು ಮಾಡಿದೆ. ಆರಾಮಾಗಿ ಇಳಿದೆಯಾ ಅಂತ ಕೇಳಿದೆ.

"ಎಲ್ಲಿ ಆರಾಮ್ರೀ ಮೇಡಂ. ಸಣ್ಣ ವಿಮಾನ, ಬಾಗ್ಲಾ ಹಿಂದೇ ಇತ್ತು. ‘ಲಗೂನ ಇಳೀರಿ ಸರ್, ನಿಮ್ಮ ಹಿಂದ ಎಲ್ಲಾರೂ ನಿಂತಾರ’ ಅಂದ್ರು. ಇಲ್ಲೂ ನಾನಾ ಮೊದಲ ಮುಟ್ಟಿದೆ."

ನಡುವಿನ ಸೀಟು ಖಾಲಿ ಇರಲಿ

ಬಸವೇಶ್ವರನಗರದ ಒಬ್ಬ ಅಧಿಕಾರಿ ಮತ್ತು ಅವರ ಹೆಂಡತಿ ದೆಹಲಿಗೆ ಹೊರಟರು. ಅವರಿಗೆ ಯಾರೋ ಒಂದು ಉಪಾಯ ಹೇಳಿಕೊಟ್ಟಿದ್ದರು. ಗಂಡ ಹೆಂಡತಿ ಅಕ್ಕಪಕ್ಕ ತಗೊಳ್ಳಬೇಡಿ. ಒಬ್ಬರು ಕಿಟಕಿ, ಒಬ್ಬರು ಓಡಾಡೋ ಕಡೆ ತಗೊಳ್ಳಿ. ನಡುವಿನ ಸೀಟು ಯಾರಿಗೂ ಬೇಡ, ಖಾಲಿ ಉಳಿಯುತ್ತೆ, ಕಾಲು ಚಾಚಿಕೊಂಡು ಹೋಗಬಹುದು. ಅದರಂತೆ ಹದಿನೇಳನೇ ಸಾಲಿನಲ್ಲಿ ಕಿಟಕಿ ಆಕೆಗೆ, ಈಚೆ ತುದಿ ಅವರಿಗೆ.

ಬಾಗಿಲು ಹಾಕಲು ಎರಡು ನಿಮಿಷ ಇದೆ ಅನ್ನುವಾಗ ದಾವಣಗೆರೆಯ ಒಬ್ಬ ಅಕ್ಕಿ ಗಿರಣಿಯವರು ಬಂದರು. ಸಾಕಷ್ಟು ದಪ್ಪ ಆಸಾಮಿ. ನಡುವಿನ ಸೀಟು ಅವರದು. ಕೂತ ಮೇಲೆ ಎರಡೂ ಕಡೆಯಿಂದ ಹೆಂಡತಿಯೂ ಗಂಡನೂ ಮಾತಾಡಿಕೊಳ್ಳುವುದು ಕೇಳಿ, "ಒಂದೇ ಮನೆಯವರಾ? ನಾನು ಸರೀತೀನಿ ಬಿಡಿ" ಅಂದರು. ಆಕೆಗೆ ಕಿಟಕಿ ಬಿಡಲು ಮನಸ್ಸಿಲ್ಲ, ಇವರಿಗೆ ಆಗಾಗ ಏಳಬೇಕು. "ಪರವಾಗಿಲ್ಲ, ನೀವು ಅಲ್ಲೇ ಕೂತ್ಕೊಳ್ಳಿ" ಅಂದುಬಿಟ್ಟರು.

ಮೊದಲು ಚಪಾತಿ ಡಬ್ಬಿ ಗಿರಣಿಯವರ ಮೇಲಿಂದ ಆ ಕಡೆ ಹೋಯಿತು. ಆಮೇಲೆ ಚಟ್ನಿಪುಡಿ ಈ ಕಡೆ ಬಂತು. ಅದಾದ ಮೇಲೆ ಮನೆಯ ಜಗಳ ಶುರುವಾಯಿತು. ಮಗಳು ತನ್ನ ಜೊತೆ ಓದಿದ ಹುಡುಗನೊಬ್ಬನನ್ನು ಮದುವೆ ಆಗುತ್ತೇನೆ ಅಂದಿದ್ದಳು. ತಾಯಿಗೆ ಒಪ್ಪಿಗೆ. ತಂದೆಗೆ ಹುಡುಗನ ಗಡ್ಡ ಹಿಡಿಸಿರಲಿಲ್ಲ.

"ಗಡ್ಡ ನಾಳೆ ಬೋಳಿಸ್ತಾನೆ ರೀ. ಗುಣ ನೋಡಿ."

"ಬೋಳಿಸೋನಾಗಿದ್ರೆ ನಮ್ಮನೆಗೆ ಬರೋ ಮೊದಲೇ ಬೋಳಿಸ್ಕೊಂಡು ಬರ್ತಿದ್ದ."

ಹೀಗೆ ಒಂದು ಗಂಟೆ ನಡೆಯಿತು. ಗಿರಣಿಯವರು ಪೇಪರು ಮಡಚಿಟ್ಟು, ಯಾರ ಕಡೆಯೂ ತಿರುಗದೆ ಕೇಳಿದರು. "ನಿಮ್ಮ ಮಗಳಿಗೆ ಅವನ ಗಡ್ಡ ಇಷ್ಟಾನಾ?"

ಹೌದು ಅಂದರು ಆಕೆ.

"ಹಂಗಾದ್ರೆ ಅದು ಅವಳ ಪಾಲಿನ ಗಡ್ಡ. ನಿಮ್ಮಿಬ್ಬರ ಪಾಲಿಗೆ ಬರಲ್ಲ. ಇನ್ನು ನಾನು ಒಂದು ಗಳಿಗೆ ನಿದ್ದೆ ಮಾಡ್ಲಾ?"

ದೆಹಲಿಯಲ್ಲಿ ಇಳಿಯುವಾಗ ಅಧಿಕಾರಿಗಳು ಗಿರಣಿಯವರ ಬ್ಯಾಗನ್ನು ತಾವೇ ಎತ್ತಿಕೊಟ್ಟು, ಫೋನ್ ನಂಬರು ಬರೆದುಕೊಂಡರಂತೆ.

ಮಗಳ ಮದುವೆಗೆ ನನ್ನನ್ನೂ ಕರೆದಿದ್ದರು. ಗಿರಣಿಯವರು ಮೂರು ಜನಕ್ಕಾಗುವಷ್ಟು ಖುಷಿಯಲ್ಲಿ ಬಂದಿದ್ದರು. ಫೋಟೋಕ್ಕೆ ನಿಂತಾಗ ಗಂಡ ಹೆಂಡತಿಯ ನಡುವೆ ಅವರಿದ್ದರು. ಫೋಟೋಗ್ರಾಫರ್, "ಸಾರ್, ನೀವು ಸ್ವಲ್ಪ ಈ ಕಡೆ ಬನ್ನಿ, ಅವರಿಬ್ಬರೂ ಜೊತೇಲಿ ನಿಂತ್ಕೊಳ್ಲಿ" ಅಂದ.

ಆಕೆ ಹೇಳಿದರು. "ಬೇಡಪ್ಪ, ಅಲ್ಲೇ ಇರ್ಲಿ. ಅವರು ಸರಿದ್ರೆ ನಾವು ಮತ್ತೆ ಶುರು ಮಾಡ್ತೀವಿ."

ಬಾಗಿಲ ಪಕ್ಕ

ಮಹಾಲಕ್ಷ್ಮಿ ಲೇಔಟಿನ ಒಂದು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ನನ್ನ ಹಳೇ ಗಿರಾಕಿ. ಆರಡಿಗೆ ಎರಡಿಂಚು ಕಮ್ಮಿ ಎತ್ತರ. ಮೊಣಕಾಲು ಮುಂದಿನ ಸೀಟಿಗೆ ತಗಲುತ್ತೆ ಅಂತ ಅವರಿಗೆ ತುರ್ತು ಬಾಗಿಲ ಪಕ್ಕದ ಸಾಲು ಕೊಟ್ಟೆ. ಅಲ್ಲಿ ಕಾಲಿಗೆ ಜಾಗ ಜಾಸ್ತಿ. ಆದರೆ ಒಂದು ಷರತ್ತು: ಏನಾದರೂ ಆದರೆ ಆ ಸಾಲಿನವರೇ ಬಾಗಿಲು ತೆಗೆಯಲು ನೆರವಾಗಬೇಕು. ಹಾರುವ ಮೊದಲು ಗಗನಸಖಿ ಬಂದು ಹೇಗೆ ತೆಗೆಯಬೇಕು ಅಂತ ವಿವರಿಸುತ್ತಾಳೆ. ಸಾಮಾನ್ಯವಾಗಿ ಎಲ್ಲರೂ ಹೂಂ ಅಂದು ತಲೆಯಾಡಿಸಿ ಮರೆತುಬಿಡುತ್ತಾರೆ.

ಇವರ ಪಕ್ಕ ಇಬ್ಬರು ತರುಣರಿದ್ದರು. ಕಿವಿಗೆ ಏನೋ ಸಿಕ್ಕಿಸಿಕೊಂಡು ಹೂಂ ಅಂದರು. ಗಗನಸಖಿ ಆ ಕಡೆ ಹೋದಳು. ಹೆಡ್‌ಮಿಸ್ಟ್ರೆಸ್ ಆ ತರುಣರತ್ತ ತಿರುಗಿದರು.

"ಅವರು ಈಗ ಏನು ಹೇಳಿದ್ರು?"

ಒಬ್ಬ ಕಿವಿಯದ್ದು ತೆಗೆದ. "ಏನೋ ಡೋರ್ ಬಗ್ಗೆ ಆಂಟಿ."

"ಏನೋ ಅಂದ್ರೆ ಏನು? ಮೊದಲು ಯಾವುದನ್ನ ಎಳೀಬೇಕು? ಎಳೆಯೋ ಮೊದಲು ಹೊರಗೆ ಏನು ನೋಡಬೇಕು?"

ಇಬ್ಬರ ಕೈಲೂ ಸೀಟಿನ ಜೇಬಿನಲ್ಲಿದ್ದ ಕಾರ್ಡು ತೆಗೆಸಿ, ಹತ್ತು ನಿಮಿಷ ಓದಲು ಕೊಟ್ಟು, ಆಮೇಲೆ ಒಬ್ಬೊಬ್ಬರನ್ನೇ ಕೇಳಿದರು. ಕಿಟಕಿ ಪಕ್ಕದವನು ಸರಿಯಾಗಿ ಹೇಳಿದ. ಇನ್ನೊಬ್ಬ ಎರಡನೇ ಹೆಜ್ಜೆ ತಪ್ಪಿದ. ಅವನಿಗೆ ಮತ್ತೆ ಓದಿಸಿದರು. ಹಿಂದಿನ ಸಾಲಿನ ಒಬ್ಬ ಯಜಮಾನರೂ ಹೆದರಿಕೊಂಡು ತಮ್ಮ ಜೇಬಿನ ಕಾರ್ಡು ತೆಗೆದರಂತೆ.

ವಿಮಾನ ಏನೂ ತೊಂದರೆಯಿಲ್ಲದೆ ಇಳಿಯಿತು. ಜನ ಎದ್ದು ಬ್ಯಾಗು ಎಳೆಯತೊಡಗಿದರು. ಈ ಇಬ್ಬರು ಮಾತ್ರ ಕೂತೇ ಇದ್ದರು. "ಯಾಕ್ರಪ್ಪಾ?" ಅಂದರೆ, ಒಬ್ಬ ಮೆಲ್ಲಗೆ ಬೆರಳೆತ್ತಿದ.

"ಮಿಸ್, ಹೋಗ್ಬಹುದಾ?"

ಆರನೇ ಸಾಲು, ಇಪ್ಪತ್ತಮೂರನೇ ಸಾಲು

ಉಲ್ಲಾಳದ ಒಂದು ಲೇಔಟಿನ ಭಜನಾ ಮಂಡಳಿಯಿಂದ ಹದಿನಾಲ್ಕು ಜನ ಹೆಂಗಸರು ಕಾಶಿಗೆ ಹೊರಟರು. ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಸೀಟಿನ ವಿಷಯದಲ್ಲಿ ಯಾವ ತಕರಾರೂ ಬರಬಾರದು ಅಂತ ಎಲ್ಲರ ಇಷ್ಟಾನಿಷ್ಟ ಕೇಳಿ ಬರೆದಿಟ್ಟುಕೊಂಡೆ.

ಮಂಡಳಿಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ ಇದ್ದರು. ಇಡೀ ಬಡಾವಣೆಗೇ ಮಾದರಿ ಅತ್ತೆ ಸೊಸೆ ಅಂತ ಹೆಸರು. ಒಂದು ದಿನ ಬೆಳಗ್ಗೆ ಅತ್ತೆ ಒಬ್ಬರೇ ಆಫೀಸಿಗೆ ಬಂದರು.

"ನನಗೆ ಎಲ್ಲಿ ಬೇಕಾದ್ರೂ ಸೀಟು ಹಾಕಮ್ಮ. ಸೊಸೆ ಪಕ್ಕ ಮಾತ್ರ ಬೇಡ. ನೀರು ಕುಡೀರಿ, ಮಾತ್ರೆ ತಗೊಳ್ಳಿ, ಶಾಲು ಹೊದ್ಕೊಳ್ಳಿ ಅಂತ ಪ್ರಾಣ ತಿಂತಾಳೆ. ನಾನು ಹೇಳ್ದೆ ಅಂತ ಅವಳಿಗೆ ಗೊತ್ತಾಗಬಾರದು."

ಅವತ್ತೇ ಸಂಜೆ ಸೊಸೆಯ ಫೋನು ಬಂತು. ದನಿ ತಗ್ಗಿಸಿ ಮಾತಾಡಿದಳು. "ಮೇಡಂ, ನಮ್ಮತ್ತೆ ಪಕ್ಕ ಹಾಕ್ಬೇಡಿ. ಎರಡೂವರೆ ಗಂಟೆ ನೆಮ್ಮದಿಯಾಗಿ ಒಂದು ಸಿನಿಮಾ ನೋಡ್ಬೇಕು ಅಂತ ಆಸೆ. ನಾನು ಕೇಳ್ದೆ ಅಂತ ಹೇಳ್ಬೇಡಿ, ಪ್ಲೀಸ್."

ಇಷ್ಟು ಸುಲಭದ ಕೆಲಸ ನನಗೆ ಎಂದೂ ಸಿಕ್ಕಿರಲಿಲ್ಲ. ಅತ್ತೆಗೆ ಆರನೇ ಸಾಲು, ಸೊಸೆಗೆ ಇಪ್ಪತ್ತಮೂರನೇ ಸಾಲು ಹಾಕಿ, ನಡುವೆ ನಾನೊಂದು ಸೀಟು ಹಿಡಿದೆ. ವಿಮಾನದಲ್ಲಿ ಇಬ್ಬರೂ ತಮ್ಮ ತಮ್ಮ ಜಾಗದಿಂದ ನನ್ನತ್ತ ನೋಡಿ ಗುಟ್ಟಾಗಿ ನಕ್ಕರು. ನಾನೂ ನಕ್ಕೆ. ಅತ್ತೆ ಶಾಲು ಹೊದೆಯದೆ ಕೂತರು. ಸೊಸೆ ಸಿನಿಮಾ ಹಾಕಿಕೊಂಡಳು.

ಸೊಸೆಯ ಪಕ್ಕ ವಿಜಯಪುರದ ಒಬ್ಬ ವಿದ್ಯಾರ್ಥಿ ಕೂತಿದ್ದ. ಬಹಳ ಒಳ್ಳೆಯ ಮನಸ್ಸಿನವನು. ನಮ್ಮ ಮಂಡಳಿಯವರೊಬ್ಬರು ಅವನ ಹತ್ತಿರ ಊರು, ಮನೆ ಅಂತ ಮಾತಾಡಿಸುತ್ತಾ, "ಅಗೋ, ಮುಂದೆ ಕೂತಿದಾರಲ್ಲ, ಅವರು ಇವಳ ಅತ್ತೆ. ಪಾಪ, ಬೇರೆ ಬೇರೆ ಆಗ್ಬಿಟ್ರು" ಅಂದುಬಿಟ್ಟರು. ಹುಡುಗ ತಕ್ಷಣ ಎದ್ದ. ನಾನು ಬೆಲ್ಟು ಬಿಚ್ಚಿ ಏಳುವಷ್ಟರಲ್ಲಿ ಆರನೇ ಸಾಲಿನ ಹತ್ತಿರ ನಿಂತಿದ್ದ.

"ಅಮ್ಮಾರ, ನೀವು ನನ್ನ ಸೀಟಿಗೆ ಹೋಗ್ರಿ, ಸೊಸಿ ಜೋಡಿ ಕುಂದರ್ರಿ. ನಾ ಇಲ್ಲಿ ಕುಂದ್ರತೀನಿ."

ಮಂಡಳಿಯ ಹನ್ನೆರಡು ಜನವೂ ಎಂಥ ಹುಡುಗ, ಎಂಥ ಹುಡುಗ ಅಂತ ಹೊಗಳಿದರು. ಎಲ್ಲರ ಎದುರಿಗೆ ಅತ್ತೆ ಬೇಡ ಅನ್ನುವ ಹಾಗಿಲ್ಲ. ಎದ್ದರು. ಹದಿನೇಳು ಸಾಲು ದಾಟಿ ಹೋಗುವಾಗ ನನ್ನ ಸೀಟಿನ ಹತ್ತಿರ ಒಂದು ಗಳಿಗೆ ನಿಂತು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಹಿಂದೆ ಸೊಸೆ ಸಿನಿಮಾ ನಿಲ್ಲಿಸಿ, "ಬನ್ನಿ ಅತ್ತೆ, ಶಾಲು ಕೊಡ್ಲಾ" ಅಂದಿದ್ದು ಕೇಳಿಸಿತು.

ಕಾಶಿಯಲ್ಲಿ ಇಳಿಯುವವರೆಗೂ ಹಿಂದೆ ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಆದರೆ ಇಳಿದಾಗ ನೋಡಿದರೆ ಇಬ್ಬರೂ ಕೈ ಕೈ ಹಿಡಿದುಕೊಂಡು ಬರುತ್ತಿದ್ದರು. ಒಂದೇ ಫೋನಿನಲ್ಲಿ, ಇಯರ್‌ಫೋನನ್ನು ಇಬ್ಬರೂ ಒಂದೊಂದು ಕಿವಿಗೆ ಹಾಕಿಕೊಂಡು ಇಡೀ ಸಿನಿಮಾ ನೋಡಿದ್ದರಂತೆ. ಅತ್ತೆಗೆ ಕ್ಲೈಮ್ಯಾಕ್ಸಿನಲ್ಲಿ ಅಳು ಬಂದು ಶಾಲಿನಲ್ಲೇ ಕಣ್ಣು ಒರೆಸಿಕೊಂಡರಂತೆ. ನನಗೆ ನೆಮ್ಮದಿಯಾಯಿತು.

ಆ ನೆಮ್ಮದಿ ಮರುದಿನ ಬೆಳಗಿನವರೆಗೆ ಇತ್ತು. ಗಂಗೆಯ ಮೆಟ್ಟಿಲ ಮೇಲೆ ಮಂಡಳಿಯ ಅಧ್ಯಕ್ಷೆ ನನ್ನನ್ನು ಪಕ್ಕಕ್ಕೆ ಕರೆದರು. ಎಪ್ಪತ್ತು ದಾಟಿದ ಹಿರಿಯರು.

"ನೋಡಮ್ಮ, ತಪ್ಪು ತಿಳ್ಕೋಬೇಡ. ನೀನೂ ಒಂದು ಮನೆಯ ಸೊಸೆ. ಅಷ್ಟು ಚೆನ್ನಾಗಿರೋ ಅತ್ತೆ ಸೊಸೇನ ಯಾಕೆ ದೂರ ಮಾಡಿದೆ? ಆ ಹುಡುಗ ಇಲ್ದಿದ್ರೆ ಏನು ಗತಿ? ನಿನ್ನೆಯಿಂದ ಮಂಡಳೀಲಿ ಇದೇ ಮಾತು."

ನಾನು ಅತ್ತೆಯ ಮುಖ ನೋಡಿದೆ. ಅವರು ನದಿ ನೋಡುತ್ತಿದ್ದರು. ಸೊಸೆಯ ಮುಖ ನೋಡಿದೆ. ಅವಳು ಅತ್ತೆಯ ಸೆರಗು ಸರಿಮಾಡುತ್ತಿದ್ದಳು. ನಿಜ ಹೇಳಿಬಿಡೋಣವೆಂದರೆ ಇಬ್ಬರಿಗೂ ಮಾತು ಕೊಟ್ಟಿದ್ದೆ.

"ತಪ್ಪಾಯ್ತಮ್ಮ" ಅಂದೆ.

"ಆಯ್ತು ಬಿಡು. ಬಂದಿರೋದು ಕಾಶಿಗೆ. ಮನೆ ಒಡೆದ ಪಾಪಕ್ಕೆ ಮೂರು ಮುಳುಗು ಹಾಕು, ಹೋಗುತ್ತೆ."

ಮಂಡಳಿಯವರೆಲ್ಲ ಮೆಟ್ಟಿಲ ಮೇಲೆ ನಿಂತರು. ನಾನು ಮೂಗು ಹಿಡಿದುಕೊಂಡು, ಹಿಮದಂಥ ನೀರಿನಲ್ಲಿ ಮೂರು ಸಲ ಮುಳುಗಿ ಎದ್ದೆ. ಹಲ್ಲು ಕಟಕಟ ಅನ್ನುತ್ತಿತ್ತು. ಟವೆಲ್ಲಿಗೆ ಕೈ ಚಾಚಿದೆ. ಅತ್ತೆ ಸೊಸೆ ಇಬ್ಬರೂ ಟವೆಲ್ಲಿನ ಒಂದೊಂದು ತುದಿ ಹಿಡಿದುಕೊಂಡು ನಿಂತಿದ್ದರು.

ಸೊಸೆ ಅತ್ತೆಯ ಕಿವಿಯಲ್ಲಿ ಏನೋ ಕೇಳಿದಳು. ಅತ್ತೆ ಹೂಂ ಅಂದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಕರುಣೆಯಿಂದ ಹೇಳಿದರು.

"ಇನ್ನೆರಡು ಹಾಕಿಬಿಡಮ್ಮ. ನಮ್ಮಿಬ್ಬರ ಲೆಕ್ಕದಲ್ಲಿ ಒಂದೊಂದು."